ಮೇಷ್ಟ್ರಿಗೆ ಒಂದು ಸನ್ಮಾನ

ಜನವರಿ ೧೪

ಪ್ರೀತಿಯ ಅಣ್ಣನಿಗೆ,

ಫೋನ್ ಮಾಡಿದರೆ ನೀನು 'ಲಿಫ್ಟ್ ಒಳಗಿದ್ದೀನಿ, ಆಮೇಲೆ' ಎಂದು ಇಟ್ಟುಬಿಡುತ್ತೀಯ. ಲಿಫ್ಟ್ ರಿಪೇರಿ ಮಾಡುವವನು ಬೆಳಗಿನಿಂದ ಸಂಜೆಯವರೆಗೆ ಲಿಫ್ಟಿನೊಳಗೇ ಇರುತ್ತಾನೆಂದು ನಂಬುವಷ್ಟು ಪೆದ್ದಿ ನಾನಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಅರ್ಧಕ್ಕೆ ಮಡಚಿಡಲು ನಿನಗೆ ಮನಸ್ಸು ಬಾರದು.

ಮೊದಲು ಒಳ್ಳೆಯ ಸುದ್ದಿ. ನಮ್ಮ ಸಮುದಾಯ ಭವನದ ಮೈದಾನದಲ್ಲಿ ಮಾರ್ಚ್ ಕೊನೆಗೆ ಆಫ್ರಿಕಾ ಕಲಾ ಮೇಳ ನಡೆಯಲಿದೆ. ಎಲ್ಲರಿಗೂ ಪ್ರವೇಶ ಉಚಿತ. ಟಿಕೆಟ್ಟಿಲ್ಲ, ಗೇಟಿನಲ್ಲಿ ತಡೆಯುವವರಿಲ್ಲ. ಹೊಣೆಯೆಲ್ಲ ನನ್ನದು. ಸೆನೆಗಲ್ಲಿನ ಡೋಲು ಬಾರಿಸುವವರು ಒಪ್ಪಿದ್ದಾರೆ. ಕಿರಿದಾದ ಪಟ್ಟಿಗಳನ್ನು ನೇಯ್ದು, ಜೋಡಿಸಿ, ದೊಡ್ಡ ಬಟ್ಟೆ ಮಾಡುವ ಘಾನಾದ ಅಜ್ಜ ಮಗ್ಗದ ಸಮೇತ ಬರುತ್ತಾರೆ. ಇಥಿಯೋಪಿಯಾದ ಚಿತ್ರಗಾರ್ತಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ಆಫ್ರಿಕಾ ಎಂದರೆ ಒಂದು ಊರು ಎಂದುಕೊಂಡವರು ಬಂದು ನೋಡಲಿ. ಮುತ್ತಜ್ಜಂದಿರು ಆಫ್ರಿಕಾದಿಂದ ಹಡಗಿನಲ್ಲಿ ಬಂದಿಳಿದ ಮೇಲೆ ಇಲ್ಲೇ ಹುಟ್ಟಿದ ನಮ್ಮ ಬೀದಿಯವರೂ ಮೊದಲ ಸಲ ಆ ಹೆಸರಿನಡಿ ಒಟ್ಟಿಗೆ ನಿಲ್ಲುತ್ತೇವೆ.

ಈಗ ಇನ್ನೊಂದು ಸುದ್ದಿ. ಉದ್ಘಾಟನೆಗೆ ಯಾರನ್ನು ಕರೆಯೋಣ ಎಂಬ ಮಾತು ಸಭೆಯಲ್ಲಿ ಬಂದಾಗ ನಮ್ಮ ಭವನದ ಅಧ್ಯಕ್ಷೆ, 'ಈ ಊರಲ್ಲಿ ಆಫ್ರಿಕಾದ ಕಲೆಗೆ ಅವರಷ್ಟು ದುಡಿದವರು ಯಾರಿದ್ದಾರೆ?' ಎಂದು ಒಂದು ಹೆಸರು ಹೇಳಿದರು. ನಿನ್ನ ನಾಟಕದ ಮೇಷ್ಟ್ರು. ದ್ವೀಪದ ನರಭಕ್ಷಕರ ನಾಟಕ ಬರೆದು, ಪ್ರತಿ ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ಆಡಿಸಿ, ನಮ್ಮ ಬೀದಿಯ ಒಂದೊಂದು ಮಗುವನ್ನೂ ಹಗ್ಗ ಕಟ್ಟಿ ವೇದಿಕೆಗೆ ಎಳೆತಂದವರು. 'ಇವನಿಗೆ ಬಣ್ಣ ಹಚ್ಚೋದು ಬೇಡ, ದೇವರೇ ಬಳಿದು ಕಳಿಸಿದ್ದಾನೆ' ಎಂದು ಮೈಕಿನಲ್ಲಿ ಹೇಳಿ ಊರನ್ನೆಲ್ಲ ನಗಿಸಿದವರು. ಮಗನದು ಮುಖ್ಯ ಪಾತ್ರ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಆ ಹೊತ್ತು ಎದ್ದು ಹೋದದ್ದು, ಮಾರನೆಯ ವಾರ ನೀನು ಶಾಲೆ ಬಿಟ್ಟದ್ದು, ಅಪ್ಪ ಸಾಯುವವರೆಗೂ ಆ ಮಾತೆತ್ತದೆ ಇದ್ದದ್ದು, ಇವೆಲ್ಲ ನಿನಗೆ ನಾನು ಹೇಳಬೇಕೆ?

ಸಭೆಯಲ್ಲಿ ನಾನೇ ಮುಂದಾಗಿ, 'ಅವರನ್ನೇ ಕರೆಯೋಣ, ಸನ್ಮಾನವನ್ನೂ ಮಾಡೋಣ' ಎಂದೆ. ಎಲ್ಲರೂ ತಲೆಯಾಡಿಸಿದರು. ನಾನು ಯಾಕೆ ಹಾಗೆಂದೆ ಎಂದು ನಿನಗೆ ಗೊತ್ತಾಗುತ್ತದೆ. ಅತ್ತಿಗೆಗೂ ನಿನ್ನ ಮುದ್ದಿನ ಮಗಳು ಚೂಟಿಗೂ ನನ್ನ ನೆನಪು ಹೇಳು.

ನಿನ್ನ ತಂಗಿ

*

ಜನವರಿ ೨೯

ತಂಗಿಗೆ,

ಕಾಗದ ಪೂರ್ತಿ ಓದಿದೆ. ನಾವೆಲ್ಲ ಚೆನ್ನಾಗಿದ್ದೇವೆ. ಚೂಟಿ ಕೂದಲು ಬಾಚಿಸಿಕೊಳ್ಳಲು ಒಲ್ಲದೆ ದಿನಾ ಬೆಳಿಗ್ಗೆ ನಮ್ಮನ್ನು ಮನೆಯೆಲ್ಲ ಓಡಿಸುತ್ತಾಳೆ. ಶಾಲೆಯಲ್ಲಿ ಯಾರೋ ಅವಳ ಜಡೆಯನ್ನು ಪಾತ್ರೆ ತಿಕ್ಕುವ ನಾರು ಎಂದರಂತೆ. ಅವಳು ಏನೂ ಅನ್ನಲಿಲ್ಲವಂತೆ. ಅದು ನನಗೆ ಹಿಡಿಸಲಿಲ್ಲ.

ಮೇಳದ ಸುದ್ದಿ ಕೇಳಿ ಸಂತೋಷವಾಯಿತು. ಆ ಮನುಷ್ಯನ ವಿಷಯ ಬಿಡು. ನಾನು ಮರೆತಿದ್ದೇನೆ. ಯಾವನೋ ಮುದುಕ ದೀಪವನ್ನೋ ರಿಬ್ಬನ್ನನ್ನೋ ಮುಟ್ಟಿ ಹೋಗುತ್ತಾನೆ, ಹೋಗಲಿ. ನಿನ್ನ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ.

ನಿನ್ನ ಅಣ್ಣ

*

ಫೆಬ್ರವರಿ ೧೦

ಅಣ್ಣಾ,

ಮರೆತಿದ್ದೇನೆ ಎಂದು ಬರೆದಿದ್ದೀಯ. ಮೇಷ್ಟ್ರು ಎಂಬ ಪದವನ್ನು ನಿನ್ನ ಕಾಗದದಲ್ಲಿ ಎಲ್ಲೂ ಬರೆದಿಲ್ಲ. ಮರೆತವರು ಹಾಗೆ ಬಳಸಿಕೊಂಡು ಹೋಗುವುದಿಲ್ಲ.

ಆಹ್ವಾನ ಕೊಡಲು ಅವರ ಮನೆಗೆ ಹೋಗಿದ್ದೆ. ಮಗಳ ಜೊತೆ ಇದ್ದಾರೆ. ಹಜಾರದ ಗೋಡೆ ತುಂಬ ನಾಟಕದ ಫೋಟೋಗಳು. ಅವರಿಗೆ ನನ್ನ ಗುರುತು ಕೂಡಲೇ ಸಿಕ್ಕಿತು. ಪಕ್ಕದಲ್ಲೇ ಕೂರಿಸಿಕೊಂಡು ಉಪಚಾರ ಮಾಡಿದರು. ತಮಗೆ ಬಂದ ಪ್ರಶಸ್ತಿಗಳನ್ನು ತೋರಿಸಿದರು. ಆಫ್ರಿಕಾದವರ ಹೆಜ್ಜೆ, ಕುಣಿತ ಎಲ್ಲವನ್ನೂ ಪುಸ್ತಕದ ಚಿತ್ರಗಳನ್ನು ನೋಡಿ ತಾವೇ ಕಟ್ಟಿದ್ದಂತೆ. ಆಮೇಲೆ ನನ್ನ ಕೈ ತಟ್ಟಿ ಹೇಳಿದರು, 'ನಿಮ್ಮ ಜನಕ್ಕೆ ಮೊದಲು ವೇದಿಕೆ ಕೊಟ್ಟವನು ನಾನೇ ಕಣಮ್ಮ. ಆಗ ಯಾರು ಕೇಳ್ತಿದ್ರು ನಿಮ್ಮನ್ನ?'

ನಾನು ಹೌದು ಮೇಷ್ಟ್ರೇ ಎಂದೆ. ನಗುತ್ತಲೇ ಎಂದೆ. ದವಡೆ ನೋಯುತ್ತಿತ್ತು.

ಬಾಗಿಲವರೆಗೆ ಬಂದವರು ನಿನ್ನನ್ನು ಕೇಳಿದರು. 'ನಿಮ್ಮಣ್ಣ ಹೇಗಿದ್ದಾನೆ? ಒಳ್ಳೇ ನಟ ಅವನು. ಆ ನಡಿಗೆ ಅವನಿಗೆ ಬಂದ ಹಾಗೆ ಇನ್ಯಾರಿಗೂ ಬರಲಿಲ್ಲ. ಸುಮ್ಮನೆ ಶಾಲೆ ಬಿಟ್ಟ, ಸೋಮಾರಿ.'

ಅಣ್ಣಾ, ಅಲ್ಲಿವರೆಗೂ ನನ್ನಲ್ಲಿ ಸ್ವಲ್ಪ ಅನುಮಾನವಿತ್ತು. ಆ ಸೋಮಾರಿ ಎಂಬ ಮಾತಿಗೆ ಅದೂ ಸುಟ್ಟುಹೋಯಿತು.

ಈಗ ನಾನು ಮಾಡಿರುವ ಏರ್ಪಾಡು ಕೇಳು. ಅವರ ನಾಟಕದಲ್ಲಿ ನರಭಕ್ಷಕರಾಗಿದ್ದ ನಮ್ಮ ಬೀದಿಯ ಮಕ್ಕಳನ್ನು ಹುಡುಕಿದ್ದೇನೆ. ಮೂಲೆಮನೆಯ ಹುಡುಗಿ ಈಗ ದೊಡ್ಡಾಸ್ಪತ್ರೆಯಲ್ಲಿ ನರ್ಸು. ನಿನ್ನ ಜೊತೆ ಗೋಲಿ ಆಡುತ್ತಿದ್ದವನು, ನಮ್ಮ ಬುಗುರಿ, ಈಗ ಬಸ್ ಓಡಿಸುತ್ತಾನೆ. ಇನ್ನೊಬ್ಬ ಬೇಕರಿ ಇಟ್ಟಿದ್ದಾನೆ. ಯಾರೂ ಮರೆತಿಲ್ಲ. ಬೇಕರಿಯವನು ಹಿಟ್ಟು ನಾದುತ್ತಲೇ ಕೇಳಿಸಿಕೊಂಡು, ಕೈ ತೊಳೆಯದೆ ನನ್ನ ಕೈ ಹಿಡಿದು, ಬರುತ್ತೇನೆ ಎಂದ. ಸನ್ಮಾನದ ಹೊತ್ತಿಗೆ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ವೇದಿಕೆಗೆ ಕರೆಯುತ್ತೇನೆ. ಅವರು ತಮ್ಮ ಕೆಲಸ ಹೇಳಿ, ತಮ್ಮ ಪಾತ್ರ ಹೇಳಿ, ಮೇಷ್ಟ್ರ ಕೈ ಕುಲುಕಿ ಇಳಿಯುತ್ತಾರೆ. ಬೈಗುಳವಿಲ್ಲ, ಗಲಾಟೆಯಿಲ್ಲ. ಅಷ್ಟೂ ಜನರ ಮುಂದೆ ಅವರು ಅಲ್ಲಿ ಕೂತಿರಬೇಕು, ಅಪ್ಪ ಕೂತಿದ್ದ ಹಾಗೆ. ಅಪ್ಪನಂತೆ ಎದ್ದು ಹೋಗುವ ಹಾಗೆ ಮಾತ್ರ ಇಲ್ಲ.

ಕೊನೆಗೆ ನೀನು. ನೀನಿಲ್ಲದೆ ಇದು ಪೂರ್ತಿಯಾಗುವುದಿಲ್ಲ.

ನಿನ್ನ ತಂಗಿ

*

ಫೆಬ್ರವರಿ ೨೪

ತಂಗಿ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ವಾರವೆಲ್ಲ ಓಡಾಡಿದೆ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಿಂದ ಜನರನ್ನು ಇಳಿಸುತ್ತಿದ್ದೆ, ಆಗಲೂ ತಲೆಯಲ್ಲಿ ಅದೇ. ಈಗ ನೆಟ್ಟಗೆ ಹೇಳುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೋ.

ಆ ಮೇಷ್ಟ್ರು ನನ್ನನ್ನು ವೇದಿಕೆ ಹತ್ತಿಸಿ, ಇವನೇ ನೋಡಿ ರಾಕ್ಷಸ ಎಂದರು. ನೀನೂ ನನ್ನನ್ನು ವೇದಿಕೆ ಹತ್ತಿಸಿ, ಇವನೇ ನೋಡಿ ಆ ರಾಕ್ಷಸ ಎನ್ನಬೇಕೆಂದಿದ್ದೀಯ. ಅವರಿಗೂ ನಾಟಕ ಚೆನ್ನಾಗಿ ಬರಬೇಕಿತ್ತು, ನಿನಗೂ ಚೆನ್ನಾಗಿ ಬರಬೇಕು. ಇಬ್ಬರಿಗೂ ಕೊನೆಯ ದೃಶ್ಯಕ್ಕೆ ನಾನೇ ಬೇಕು. ನನ್ನನ್ನು ಯಾರೂ ಕೇಳಲಿಲ್ಲ.

ನನಗೆ ಸಿಟ್ಟಿಲ್ಲ ಎಂದುಕೊಳ್ಳಬೇಡ. ನನ್ನ ಸಿಟ್ಟು ನನ್ನ ಹತ್ತಿರವೇ ಇದೆ. ಅದನ್ನು ಮೈಕಿನ ಮುಂದೆ ತಂದು ಊರವರಿಗೆ ಹಂಚಲು ನನಗೆ ಇಷ್ಟವಿಲ್ಲ.

ನಾನು ಬರುವುದಿಲ್ಲ.

ನಿನ್ನ ಅಣ್ಣ

*

ಮಾರ್ಚ್ ೮

ಅಣ್ಣನಿಗೆ,

ಬರಬೇಡ. ಮೇಷ್ಟ್ರಿಗೂ ನನಗೂ ವ್ಯತ್ಯಾಸ ಕಾಣದವನು ಬಂದೂ ಏನು ಪ್ರಯೋಜನ? ನೀನು ಶಾಲೆ ಬಿಟ್ಟ ಮೇಲೆ ಆ ಶಾಲೆಗೇ ನಾನು ಹೋಗಬೇಕಾಯಿತು. 'ರಾಕ್ಷಸನ ತಂಗಿ' ಎಂದೇ ಅಲ್ಲಿ ನನ್ನ ಹೆಸರು. ಸಿಟ್ಟು ನಿನ್ನೊಬ್ಬನ ಸ್ವತ್ತಲ್ಲ.

ಕೆಲಸ ತುಂಬ ಇದೆ. ಇಷ್ಟೇ.

ತಂಗಿ

*

ಮಾರ್ಚ್ ೩೦

ಅಣ್ಣಾ,

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮೇಳ ಮುಗಿಯಿತು. ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಘಾನಾದ ಅಜ್ಜ ಮಗ್ಗದ ದಾರವನ್ನು ಕಂಬಕ್ಕೆ ಕಟ್ಟಿ, ಕಾಲ್ಬೆರಳಲ್ಲಿ ಹಿಡಿದು ನೇಯುತ್ತಿದ್ದರೆ ಮಕ್ಕಳು ಅವರ ಪಾದವನ್ನೇ ನೋಡುತ್ತ ಕೂತಿದ್ದರು. ಜಿಂಬಾಬ್ವೆಯ ಹೆಂಗಸೊಬ್ಬರು ಕಬ್ಬಿಣದ ಪಟ್ಟಿಗಳನ್ನು ಹೆಬ್ಬೆರಳಲ್ಲಿ ಮೀಟಿ ನುಡಿಸುವ ಪುಟ್ಟ ವಾದ್ಯ ತಂದಿದ್ದರು. ಅದರ ಸದ್ದಿಗೆ ಗದ್ದಲವೆಲ್ಲ ತಾನಾಗಿ ತಗ್ಗಿತು. ಜಡೆ ಹೆಣೆಯುವ ಮಳಿಗೆಯ ಮುಂದೆ ಎಲ್ಲ ಬಣ್ಣದ ಹೆಣ್ಣುಮಕ್ಕಳೂ ಸಾಲು ನಿಂತಿದ್ದರು. ನಮ್ಮ ಬೀದಿಯ ಮುದುಕಿಯರು ಹಳೆಯ ಸುತ್ತುಕುಣಿತ ಶುರುಮಾಡಿದರೆ, ಈ ವರ್ಷ ಬಂದ ನೈಜೀರಿಯಾದ ವಿದ್ಯಾರ್ಥಿಗಳು ನುಗ್ಗಿ ಅವರ ಜೊತೆ ಸೇರಿಕೊಂಡರು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಹೆಜ್ಜೆ ಮಾತ್ರ ಹೇಗೋ ಕೂಡಿತು. ಅಪ್ಪ ಇರಬೇಕಿತ್ತು.

ಮೇಷ್ಟ್ರು ಉದ್ಘಾಟನೆ ಮಾಡಿ ಉದ್ದದ ಭಾಷಣ ಹೊಡೆದರು. ಆಮೇಲೆ ನಾನು ಅವರನ್ನು ವೇದಿಕೆಯ ನಡುವೆ ಕೂರಿಸಿ, ಅವರ ಕೆಲವು ಶಿಷ್ಯರು ಬಂದಿದ್ದಾರೆ, ತಮ್ಮ ಪರಿಚಯ ತಾವೇ ಹೇಳಿಕೊಳ್ಳುತ್ತಾರೆ ಎಂದೆ. ಅವರ ಮುಖ ಅರಳಿತು.

ಮೊದಲು ಬುಗುರಿ. 'ನಾನು ಬಸ್ ಡ್ರೈವರ್. ಮೇಷ್ಟ್ರ ನಾಟಕದಲ್ಲಿ ಹಗ್ಗ ಕಟ್ಟಿಸ್ಕೊಂಡು ಬರೋ ರಾಕ್ಷಸ. ಥ್ಯಾಂಕ್ಸ್ ಮೇಷ್ಟ್ರೇ.' ಜನ ತಮಾಷೆ ಎಂದುಕೊಂಡು ನಕ್ಕರು. ಮೇಷ್ಟ್ರೂ ನಕ್ಕರು. ಬೇಕರಿಯವನು ಬಂದು, ತಾನು ತಲೆಯಲ್ಲಿ ಮೂಳೆ ಸಿಕ್ಕಿಸಿಕೊಂಡವನು, ಆಮೇಲೆ ಮನೆಯವರೆಗೂ ಹುಡುಗರು ಸಿಪ್ಪೆ ಎಸೆದುಕೊಂಡು ಬಂದರು ಎಂದ. ಆಗ ನಗು ಅರ್ಧಕ್ಕೆ ನಿಂತಿತು. ಮೂರನೆಯವಳು ನರ್ಸು. 'ನಾನು ನರಭಕ್ಷಕನ ಹೆಂಡತಿ. ನನಗೆ ಮಾತಿರಲಿಲ್ಲ. ಗುರ್ ಅನ್ನಬೇಕಿತ್ತು, ಅಷ್ಟೇ. ತರಗತಿಯಲ್ಲಿ ಓದಿನಲ್ಲಿ ನಾನೇ ಮುಂದಿದ್ದೆ.' ಅವಳು ಮೇಷ್ಟ್ರ ಕೈ ಹಿಡಿದವಳು ಬಿಡಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಮೈಕಿನಲ್ಲೇ, 'ನಾಡಿ ಜೋರಾಗಿ ಓಡ್ತಿದೆ ಮೇಷ್ಟ್ರೇ, ಸ್ವಲ್ಪ ನೀರು ಕುಡೀರಿ' ಎಂದಳು.

ನಾನು ಮೈಕ್ ತೆಗೆದುಕೊಂಡು, ಇನ್ನೊಬ್ಬರು ಬಂದಿಲ್ಲ, ಯಾಕೆ ಬಂದಿಲ್ಲವೆಂದು ಮೇಷ್ಟ್ರಿಗೆ ಗೊತ್ತು ಎಂದೆ. ಅವರು ಎದ್ದು ನಿಂತು ಅದು ಬರೀ ನಾಟಕ ಎಂದೇನೋ ಶುರುಮಾಡಿದರು. ದನಿ ಹೊರಡಲಿಲ್ಲ. ಎಂಥಾ ಗಂಟಲು ಅಣ್ಣಾ ಅದು, ಇಡೀ ಶಾಲೆಯನ್ನು ನಡುಗಿಸಿದ್ದು! ಮಗಳು ಬಂದು ತೋಳು ಹಿಡಿದು ಇಳಿಸಿಕೊಂಡು ಹೋದಳು. ಕೂಡಲೇ ಡೋಲಿನವರಿಗೆ ಕೈಸನ್ನೆ ಮಾಡಿದೆ.

ಅಧ್ಯಕ್ಷೆ ನನ್ನನ್ನು ಕೋಣೆಗೆ ಕರೆದು ಬೆಂಡೆತ್ತಿದರು. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಆದರೂ ಹೇಳುತ್ತೇನೆ, ಬೆಲ್ಲದ ಹಾಗಿತ್ತು. ಇಷ್ಟು ವರ್ಷದಲ್ಲಿ ಅಷ್ಟು ರುಚಿಯಾದದ್ದು ಬಾಯಿಗೆ ಬಿದ್ದಿರಲಿಲ್ಲ.

ನೀನು ಬರಬೇಕಿತ್ತು.

ನಿನ್ನ ತಂಗಿ

*

ಏಪ್ರಿಲ್ ೨೦

ತಂಗಿಗೆ,

ನಾನು ಬಂದಿದ್ದೆ.

ಟಿಕೆಟ್ಟಿಲ್ಲ, ತಡೆಯುವವರಿಲ್ಲ ಎಂದು ನೀನೇ ಬರೆದಿದ್ದೆಯಲ್ಲ. ಚೂಟಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಬಂದೆ. ಅವಳು ಜಡೆ ಮಳಿಗೆಯಲ್ಲಿ ಕೂತಳು. ಮನೆಯಲ್ಲಿ ಬಾಚಣಿಗೆ ಕಂಡರೆ ಓಡುವವಳು ಅಲ್ಲಿ ಕತ್ತು ಅಲ್ಲಾಡಿಸದೆ ಕೂತಿದ್ದಳು. ಜಡೆ ಹೆಣೆಯುವಾಕೆ ಅವಳಿಗೆ ಕನ್ನಡಿ ಕೊಟ್ಟು, ಇದು ರಾಣಿಯರು ಹಾಕಿಸಿಕೊಳ್ಳುವ ಜಡೆ ಎಂದಳು. ಚೂಟಿ ಎಷ್ಟು ಹೊತ್ತಾದರೂ ಕನ್ನಡಿ ವಾಪಸು ಕೊಡಲಿಲ್ಲ. ಆ ಒಂದು ಕ್ಷಣಕ್ಕೆ ನಿನಗೆ ನಾನು ಎಷ್ಟು ಋಣಿ ಎಂದು ಬರೆಯಲು ಬರುವುದಿಲ್ಲ.

ಅಲ್ಲಿಂದಲೇ ವೇದಿಕೆ ಕಾಣುತ್ತಿತ್ತು. ಎಲ್ಲ ನೋಡಿದೆ. ನೀನು 'ಇನ್ನೊಬ್ಬರು ಬಂದಿಲ್ಲ' ಎಂದಾಗ ಚೂಟಿ ತಲೆಯೆತ್ತಿ, 'ಯಾರಪ್ಪ ಅದು?' ಎಂದಳು. ಗೊತ್ತಿಲ್ಲ ಎಂದೆ. ಅವಳ ಮುಖ ನೋಡಿಕೊಂಡು, ಆ ಹೊಸ ಜಡೆ ನೋಡಿಕೊಂಡು, ಗೊತ್ತಿಲ್ಲ ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಕೊರೆಯಿತು. ನನ್ನ ಮಗಳ ಮುಂದೆ ನನ್ನಿಂದ ಸುಳ್ಳು ಹೇಳಿಸಿದವರು ಇನ್ನೂ ಅಲ್ಲಿ ಹಜಾರದಲ್ಲಿ ಫೋಟೋ ನೋಡಿಕೊಂಡು ಕೂತಿದ್ದಾರೆ. ಊರಿಗೆ ಊರೇ ನೋಡಿತು, ಸರಿ. ಅದು ನಿನ್ನದು. ನನ್ನದು ಬಾಕಿಯೇ ಇತ್ತು.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆಗೆದಳು. ಹಳೆಯ ಶಿಷ್ಯ ಎಂದೆ. ಮೇಷ್ಟ್ರು ಬಹಳ ಇಳಿದುಹೋಗಿದ್ದಾರೆ. ನನ್ನನ್ನು ಕಂಡವರೇ ಬೈಸಿಕೊಳ್ಳಲು ತಯಾರಾದವರ ಹಾಗೆ ಕೈ ಕಟ್ಟಿ ಕೂತರು. ನಾನು ಬೈಯಲಿಲ್ಲ. ಮಗಳು ಒಳಗೆ ಹೋಗುವವರೆಗೆ ಕಾದು ಹೇಳಿದೆ, 'ಮೇಷ್ಟ್ರೇ, ನೀವು ಹೇಳಿಕೊಟ್ಟ ನಡಿಗೆ ಮರೆತುಹೋಗಿದೆ. ಒಂದ್ಸಲ ಮಾಡಿ ತೋರಿಸಿ.'

ಅವರು ನನ್ನನ್ನೇ ನೋಡಿದರು. ನಾನು ಕಣ್ಣು ತೆಗೆಯಲಿಲ್ಲ. ಕೊನೆಗೆ ಎದ್ದರು. ಬೆನ್ನು ಬಗ್ಗಿಸಿ, ಕೈ ಎರಡೂ ಜೋಲು ಬಿಟ್ಟು, ಸೋಫಾದಿಂದ ಕಿಟಕಿಯವರೆಗೆ ನಡೆದರು. ಲುಂಗಿ ಕಾಲಿಗೆ ತೊಡರಿತು. ಗೋಡೆ ಹಿಡಿದುಕೊಂಡು ನಿಂತು, ತಿರುಗಿ, 'ಸರಿಯಾಯ್ತಾ?' ಎಂದರು.

ನಾನು ನಗಲಿಲ್ಲ. 'ಇಲ್ಲ ಮೇಷ್ಟ್ರೇ. ಇನ್ನೂ ಬಗ್ಗಬೇಕು. ನಾಲಿಗೆ ಹೊರಗೆ ಬರಬೇಕು. ಮೊದಲಿಂದ.' ಇದು ಅವರದೇ ಮಾತು. ಅವರದೇ ರಾಗ.

ಮಾಡಿದರು. ಮತ್ತೆ ಮಾಡಿಸಿದೆ. ಮುಂದಿನ ಭಾನುವಾರ ಬರುತ್ತೇನೆ, ಅಭ್ಯಾಸ ಮಾಡಿಕೊಂಡಿರಿ ಎಂದು ಹೇಳಿ ಬಂದೆ. ಹೋದ ಭಾನುವಾರವೂ ಹೋಗಿದ್ದೆ. ನಾಳೆಯೂ ಹೋಗುತ್ತೇನೆ.

ನಿನಗೆ ಬೆಲ್ಲ ಎನಿಸಿತಲ್ಲ, ನನಗೆ ರುಚಿಯೇ ಗೊತ್ತಾಗುತ್ತಿಲ್ಲ. ಆದರೂ ಬಿಡಲಾಗುತ್ತಿಲ್ಲ.

ನಿನ್ನ ಅಣ್ಣ

*

ಮೇ ೧೮

ಅಣ್ಣಾ,

ನಿನ್ನ ಕಾಗದ ಓದಿದಾಗ ಮೊದಲು ಒಳ್ಳೇದಾಯಿತು ಎನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ನಿನ್ನೆ ಮೇಷ್ಟ್ರ ಮಗಳು ಭವನಕ್ಕೆ ಬಂದಿದ್ದಳು. ಜಗಳಕ್ಕೆ ಬಂದಳೆಂದು ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಅವಳು ಕುರ್ಚಿಯಲ್ಲಿ ಕೂತು ಅತ್ತುಬಿಟ್ಟಳು. ಅಪ್ಪ ವಾರವೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಅಭ್ಯಾಸ ಮಾಡುತ್ತಾರಂತೆ. ಮಂಡಿ ಊದಿದೆಯಂತೆ. ನಿನ್ನನ್ನು ಬರಬೇಡಿ ಎನ್ನುತ್ತೇನೆ ಎಂದರೆ ಅವರೇ ಬಿಡುವುದಿಲ್ಲವಂತೆ. 'ಅವನು ಬರಲಿ. ನೀನು ಮಧ್ಯೆ ಬರಬೇಡ' ಎಂದು ಗದರುತ್ತಾರಂತೆ. ಭಾನುವಾರ ಬೆಳಿಗ್ಗೆಯೇ ಸ್ನಾನ ಮಾಡಿ ಬಾಗಿಲು ತೆರೆದಿಟ್ಟು ಕೂರುತ್ತಾರಂತೆ. ನೀನು ಹೋದ ಮೇಲೆ ಹೊಟ್ಟೆ ತುಂಬ ಊಟ ಮಾಡಿ ಮಲಗುತ್ತಾರಂತೆ.

ನಾನು ಬೇಕೆಂದದ್ದು ಒಂದು ದಿನ, ಎಲ್ಲರ ಕಣ್ಣ ಮುಂದೆ. ಬಾಗಿಲು ಹಾಕಿಕೊಂಡು ವಾರವಾರ ನಡೆಯುವುದು ನನಗೆ ಹೆದರಿಕೆ ಹುಟ್ಟಿಸುತ್ತದೆ. ಅವರ ಮೇಲಿನ ಮರುಕಕ್ಕೆ ಹೇಳುತ್ತಿಲ್ಲ. ಅತ್ತಿಗೆಗೆ ಭಾನುವಾರ ಏನು ಹೇಳಿ ಹೊರಡುತ್ತೀಯ? ಚೂಟಿಗೆ?

ಸಾಕು ಮಾಡು ಅಣ್ಣಾ.

ನನ್ನ ಕೆಲಸ ಉಳಿಯಿತು. ಬರುವ ವರ್ಷವೂ ಮೇಳ ಬೇಕೆಂದು ಬೀದಿಬೀದಿಯಿಂದ ಜನ ಬಂದು ಕೇಳಿದ ಮೇಲೆ ಅಧ್ಯಕ್ಷೆ ತಣ್ಣಗಾದರು.

ನಿನ್ನ ತಂಗಿ

*

ಜೂನ್ ೧೦

ತಂಗಿಗೆ,

ನಿಲ್ಲಿಸಿದ್ದೇನೆ. ನೀನು ಹೇಳಿದ್ದಕ್ಕಲ್ಲ, ಕ್ಷಮಿಸು.

ಕಡೆಯ ಸಲ ಹೋದಾಗ ನಾನು ಕೂರುವ ಮೊದಲೇ ಮೇಷ್ಟ್ರು ಸೋಫಾ ಸರಿಸಿ ಜಾಗ ಮಾಡಿಕೊಂಡಿದ್ದರು. ನಾನು ಹೇಳುವ ಮುಂಚೆಯೇ ಬಗ್ಗಿದರು. ಈ ಸಲ ತಪ್ಪೇ ಇರಲಿಲ್ಲ. ಮುಗಿಸಿ ಬೆವರೊರೆಸಿಕೊಂಡು ಕೂತು, ನನ್ನ ಕಡೆ ನೋಡಿ ಮುಗುಳ್ನಕ್ಕರು. ಹೊಟ್ಟೆಯಲ್ಲಿದ್ದ ಕಲ್ಲು ಇಳಿದವರ ಮುಖ ಅದು. 'ಬರೋ ವಾರ ಸ್ವಲ್ಪ ಬೇಗ ಬಾ, ಊಟ ಇಲ್ಲೇ ಮಾಡು' ಎಂದರು.

ಆಗ ಗೊತ್ತಾಯಿತು. ನಾನು ಶಿಕ್ಷೆ ಕೊಡುತ್ತಿದ್ದೇನೆಂದುಕೊಂಡಿದ್ದೆ. ಅವರು ನನ್ನ ಕೈಯಿಂದ ಔಷಧಿ ತೆಗೆದುಕೊಳ್ಳುತ್ತಿದ್ದರು. ಇನ್ನು ನಾಲ್ಕು ಭಾನುವಾರ ಹೋಗಿದ್ದರೆ ಪೂರ್ತಿ ಗುಣವಾಗಿ ಬಿಡುತ್ತಿದ್ದರು. ಅದನ್ನು ಕೊಡಲು ನಾನು ಬಸ್ ಹತ್ತಿ ಹೋಗಿರಲಿಲ್ಲ.

ಊಟ ಬೇಡ ಎಂದು ಎದ್ದು ಬಂದೆ. ಮತ್ತೆ ಹೋಗಿಲ್ಲ. ಅವರು ಬಾಗಿಲು ತೆರೆದಿಟ್ಟು ಕೂತಿರುತ್ತಾರೆ. ಕೂತಿರಲಿ. ನಿನಗೆ ಕಟುಕನ ಹಾಗೆ ಕಂಡರೆ ಕಾಣಲಿ.

ಚೂಟಿಗೆ ನಿಜ ಹೇಳಿದೆ. ವೇದಿಕೆಗೆ ಬಾರದವನು ನಾನೇ ಎಂದೆ, ಯಾಕೆಂದೂ ಹೇಳಿದೆ. ಅವಳು ಜಡೆಯ ತುದಿ ಹಿಡಿದುಕೊಂಡು, 'ನನ್ನ ಜಡೆಗೆ ನಾರು ಅಂದವಳಿಗೆ ನಾನು ಏನು ಮಾಡ್ಲಿ?' ಎಂದು ಕೇಳಿದಳು. ನಿನಗೆ ಉತ್ತರ ಹೊಳೆದರೆ ಬರೆ. ನನ್ನ ಹಾಗೆ ಮಾಡು ಎನ್ನಲು ಬಾಯಿ ಬರಲಿಲ್ಲ.

ಮೇಳದಲ್ಲಿ ಸೆನೆಗಲ್ಲಿನವರು ಬಾರಿಸಿದ್ದು ಅವಳ ತಲೆಗೆ ಹತ್ತಿಬಿಟ್ಟಿದೆ. ನನ್ನ ಸ್ಪಾನರ್ ಡಬ್ಬಿಯನ್ನು ಬೋರಲು ಹಾಕಿಕೊಂಡು ಅದನ್ನೇ ಬಡಿಯುತ್ತಾಳೆ. ನಿನ್ನೆ ಭಾನುವಾರ ಅವಳು ಹಾಗೆ ಕೂತಿದ್ದಾಗ ಫೋನ್ ಬಂತು. ಈಗ ಪ್ರತಿ ಭಾನುವಾರ ನಾನು ಅಲ್ಲಿಗೆ ಹೋಗುತ್ತಿದ್ದ ಹೊತ್ತಿಗೆ ಬರುತ್ತದೆ; ನಂಬರ್ ಕೊಟ್ಟವನು ನಾನೇ. ಚೂಟಿ ಕೈ ನಿಲ್ಲಿಸಿ, 'ಯಾರು? ಎತ್ತಲ್ವಾ?' ಎಂದಳು.

'ನನ್ನ ಮೇಷ್ಟ್ರು. ಎತ್ತಲ್ಲ' ಎಂದೆ. 'ನೀನು ನಿಲ್ಲಿಸ್ಬೇಡ, ಬಾರಿಸು.'

ಅವಳು ಬಾರಿಸಿದಳು. ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಆಮೇಲೆ ಡಬ್ಬಿಯ ಸದ್ದೊಂದೇ ಉಳಿಯಿತು.

ನಿನ್ನ ಅಣ್ಣ